ಗುಡ್ಡದ ಮೇಲಿನಿಂದ ಮೂರು ವರ್ಷ ಎಣಿಸಿದ ಡಾಲ್ಫಿನ್‌ಗಳು: ಕಡಿಮೆಯಾಗಿವೆ ಎಂದು ಹೇಳಬಹುದೇ?

ಅಳಿವೆಯಂಚು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಕುಮಟಾ ತಾಲ್ಲೂಕಿನವನು. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾಗಿದ್ದೇನೆ. ಅಘನಾಶಿನಿ ಕಡಲು ಸೇರುವಲ್ಲಿ, ಅಳಿವೆಯ ದಕ್ಷಿಣದ ಗುಡ್ಡದ ನೆತ್ತಿಯಲ್ಲಿ ಒಂದು ಚಪ್ಪಡಿ ಕಲ್ಲಿದೆ. ಮೂರು ವರ್ಷಗಳಿಂದ ಅಕ್ಟೋಬರ್‌ನಿಂದ ಮೇ ತಿಂಗಳವರೆಗೆ, ಬಿಡುವಾದ ಬೆಳಗುಗಳಲ್ಲಿ ಅಲ್ಲಿ ಕುಳಿತು, ಅಳಿವೆಯ ಬಾಯಿಗೆ ಬರುವ ಗೂನುಬೆನ್ನಿನ ಡಾಲ್ಫಿನ್‌ಗಳನ್ನು ಬೈನಾಕ್ಯುಲರ್‌ನಲ್ಲಿ ನೋಡಿ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಬೆನ್ನ ಮೇಲೆ ದಿಬ್ಬದಂಥ ಉಬ್ಬು, ಅದರ ಮೇಲೆ ಚಿಕ್ಕದೊಂದು ಬೆನ್ನುರೆಕ್ಕೆ ಇರುವುದರಿಂದ ಜಾತಿಯನ್ನು ಗುರುತಿಸುವಲ್ಲಿ ತಪ್ಪಾಗಿಲ್ಲ ಎಂಬ ಭರವಸೆ ನನಗಿದೆ.

ಈ ವರ್ಷದ ಮೊತ್ತವನ್ನು ಕೂಡಿದಾಗ ಅದು ಮೊದಲ ವರ್ಷದ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು ಬಂತು. ಪರಿಚಯದ ಪತ್ರಕರ್ತರೊಬ್ಬರು ‘ಅಘನಾಶಿನಿಯಲ್ಲಿ ಡಾಲ್ಫಿನ್ ಸಂತತಿ ಅರ್ಧಕ್ಕಿಳಿದಿದೆ’ ಎಂದು ಸುದ್ದಿ ಮಾಡುವ ಉತ್ಸಾಹದಲ್ಲಿದ್ದಾರೆ. ನನಗೆ ಅಳುಕು. ನನ್ನ ಲೆಕ್ಕದಿಂದ ಹಾಗೆ ಹೇಳುವುದು ಸರಿಯೇ? ಅದೇ ನೋಟ್‌ಬುಕ್ಕಿನಲ್ಲಿ ಮರಳದಿಣ್ಣೆಯ ಮೇಲೆ ಕೂರುವ ರೀವ (ಟರ್ನ್) ಎಂಬ ಕಡಲಹಕ್ಕಿಗಳ ಲೆಕ್ಕವೂ ಇದೆ. ಅದರಿಂದ ಏನಾದರೂ ತಿಳಿಯುತ್ತದೆಯೇ? ಇನ್ನೊಂದು ವಿಷಯ: ಕಳೆದ ಜುಲೈನಲ್ಲಿ ಬೆನ್ನುರೆಕ್ಕೆಯೇ ಇಲ್ಲದ, ನನ್ನ ಎತ್ತರಕ್ಕಿಂತ ಕಡಿಮೆ ಉದ್ದದ ಬೂದುಬಣ್ಣದ ಪ್ರಾಣಿಯೊಂದು ಸತ್ತು ದಡಕ್ಕೆ ಬಂದಿತ್ತು. ಅದು ಡಾಲ್ಫಿನ್ ಮರಿಯೋ ಬೇರೆಯೋ ತಿಳಿಯಲಿಲ್ಲ.

ನೇರಗೆರೆ

ನಮಸ್ಕಾರ ಸರ್. ನಾನು ಕೆಲವು ವರ್ಷ ದೋಣಿಯಿಂದ ಸಮುದ್ರ ಸಸ್ತನಿಗಳ ಸಮೀಕ್ಷೆಯಲ್ಲಿ ದುಡಿದವನು. ಹಾಗೆ ಹೇಳಲು ಸದ್ಯಕ್ಕೆ ಬರುವುದಿಲ್ಲ. ಕಡಿಮೆಯಾಗಿಲ್ಲ ಎನ್ನಲೂ ಬರುವುದಿಲ್ಲ. ಪತ್ರಕರ್ತರನ್ನು ದಯವಿಟ್ಟು ತಡೆಯಿರಿ.

ನಿಮ್ಮ ಬರವಣಿಗೆಯ ರೀತಿಯಿಂದ ಊಹಿಸುವುದಾದರೆ, ಡಾಲ್ಫಿನ್ ಕಂಡ ದಿನಗಳನ್ನು ಮಾತ್ರ ಬರೆದಿದ್ದೀರಿ. ಎರಡು ಗಂಟೆ ಕಾದು ಬರಿಗೈಯಲ್ಲಿ ಇಳಿದುಬಂದ ದಿನಗಳು ನೋಟ್‌ಬುಕ್ಕಿನಲ್ಲಿ ಇರಲಾರವು. ನೂರು ಗಂಟೆ ಕುಳಿತು ನಲವತ್ತು ಗುಂಪು ಕಂಡವನಿಗೂ, ಐವತ್ತು ಗಂಟೆ ಕುಳಿತು ಇಪ್ಪತ್ತು ಗುಂಪು ಕಂಡವನಿಗೂ ಸಮುದ್ರ ತೋರಿಸಿದ್ದು ಒಂದೇ. ಆದ್ದರಿಂದ ಕಾದ ಗಂಟೆಗಳ ಲೆಕ್ಕವಿಲ್ಲದ ಮೊತ್ತಕ್ಕೆ ಅರ್ಥವಿಲ್ಲ. ಮೂರನೆಯ ವರ್ಷ ಮಂಡಿನೋವಿನಿಂದಲೋ ಮನೆಯ ಮದುವೆಯಿಂದಲೋ ಗುಡ್ಡ ಹತ್ತಿದ್ದು ಕಡಿಮೆಯಾಗಿದ್ದರೆ ಡಾಲ್ಫಿನ್‌ಗಳೂ ಕಡಿಮೆಯಾದಂತೆ ಕಾಣುತ್ತವೆ. ಕಡಲಿನ ಸ್ಥಿತಿಯೂ ಹಾಗೆಯೇ: ಗಾಳಿಯ ಬಲ ಹೇಳುವ ಬೋಫರ್ಟ್ ಅಳತೆಯಲ್ಲಿ 3 ಮುಟ್ಟಿ ಅಲೆಗಳ ತುದಿಯಲ್ಲಿ ಬಿಳಿನೊರೆ ಒಡೆಯತೊಡಗಿದರೆ ಚಿಕ್ಕ ಬೆನ್ನುರೆಕ್ಕೆ ಕಣ್ಣಿಗೆ ಸಿಗುವುದು ಥಟ್ಟನೆ ಕುಸಿಯುತ್ತದೆ.

ಎರಡನೆಯದು ಇದಕ್ಕಿಂತ ಸೂಕ್ಷ್ಮ. ದೋಣಿ ಸಮೀಕ್ಷೆಯಲ್ಲಿ ನಾವು ಮೊದಲೇ ನಕ್ಷೆಯಲ್ಲಿ ಗೀಚಿಕೊಂಡ ನೇರ ಗೆರೆಗಳ ಮೇಲೆ ಸಾಗುತ್ತೇವೆ, ಕಂಡ ಪ್ರತಿ ಗುಂಪಿಗೂ ಗೆರೆಯಿಂದ ಅದು ಎಷ್ಟು ದೂರವಿತ್ತು ಎಂದು ಅಳೆಯುತ್ತೇವೆ. ಗೆರೆಯ ಹತ್ತಿರ ಹೆಚ್ಚು, ದೂರ ಹೋದಂತೆ ಕಡಿಮೆ ಕಾಣುತ್ತವೆ. ಆ ಇಳಿತದ ರೀತಿಯಿಂದಲೇ ನಮ್ಮ ಕಣ್ಣಿಗೆ ತಪ್ಪಿಸಿಕೊಂಡವು ಎಷ್ಟಿರಬಹುದು ಎಂದು ಲೆಕ್ಕ ಹಾಕುತ್ತೇವೆ. ಗೆರೆಗಳನ್ನು ಡಾಲ್ಫಿನ್ ಇರುವ ಜಾಗ ನೋಡಿ ಎಳೆದಿಲ್ಲವಾದ್ದರಿಂದ ಆ ಇಳಿತ ನಮ್ಮ ಕಣ್ಣಿನ ಮಿತಿಯದೇ ಎಂದು ನಂಬಬಹುದು. ಗುಡ್ಡದಿಂದ ನೋಡುವಾಗ ಈ ನಂಬಿಕೆ ಮುರಿದುಬೀಳುತ್ತದೆ, ಏಕೆಂದರೆ ಗೂನುಬೆನ್ನಿನ ಡಾಲ್ಫಿನ್ ಸ್ವಭಾವತಃ ದಡದ ಸಮೀಪದ ಆಳವಿಲ್ಲದ ನೀರನ್ನೇ ಬಯಸುತ್ತದೆ. ದೂರದಲ್ಲಿ ಕಡಿಮೆ ಕಂಡದ್ದು ನಿಮಗೆ ಕಾಣದ ಕಾರಣಕ್ಕೋ, ಅವು ಅಲ್ಲಿಲ್ಲದ ಕಾರಣಕ್ಕೋ ಎಂದು ಗುಡ್ಡದ ಲೆಕ್ಕವೊಂದರಿಂದಲೇ ಬಿಡಿಸಿ ಹೇಳಲು ಸಾಧ್ಯವಿಲ್ಲ. ಹೀಗಾಗಿ ನಿಮ್ಮಿಂದ ಸಂತತಿಯ ಸಂಖ್ಯೆ ಸಿಗುವುದಿಲ್ಲ. ಯಾವ ಹೊತ್ತಿನಲ್ಲಿ, ಭರತದಲ್ಲೋ ಇಳಿತದಲ್ಲೋ, ಯಾವ ತಿಂಗಳಲ್ಲಿ ಅಳಿವೆಯನ್ನು ಬಳಸುತ್ತವೆ ಎಂಬುದು ಸಿಗುತ್ತದೆ. ನನ್ನ ದೃಷ್ಟಿಯಲ್ಲಿ ಅದು ಸಣ್ಣ ವಿಷಯವಲ್ಲ; ದೋಣಿಯವರಾದ ನಾವು ವರ್ಷಕ್ಕೆ ನಾಲ್ಕು ದಿನ ಬಂದು ಹೋಗುವವರು.

ಮೂರು ವರ್ಷ ಸಾಕೇ ಎಂಬುದಕ್ಕೂ ಒಂದು ಲೆಕ್ಕವಿದೆ. ವರ್ಷಕ್ಕೊಂದು ಗಣತಿ, ಪ್ರತಿ ಗಣತಿಯಲ್ಲೂ ಶೇ 30ರಷ್ಟು ಅನಿಶ್ಚಿತತೆ ಎಂದುಕೊಳ್ಳಿ. ಈ ಕೆಲಸದಲ್ಲಿ ಶೇ 30 ಎಂದರೆ ಚೆನ್ನಾಗಿಯೇ ಮಾಡಿದ್ದೀರಿ ಎಂದರ್ಥ. ಸಂತತಿ ವರ್ಷಕ್ಕೆ ಶೇ 5ರಂತೆ ಕುಸಿಯುತ್ತಿದ್ದರೆ, ಆ ಕುಸಿತವನ್ನು ಹತ್ತರಲ್ಲಿ ಎಂಟು ಪಾಲು ಖಚಿತವಾಗಿ ಹಿಡಿಯಬೇಕಾದರೆ ಸುಮಾರು 15 ವರ್ಷದ ಗಣತಿ ಬೇಕು. ಅಷ್ಟರಲ್ಲಿ ಸಂತತಿಯ ಅರ್ಧ ಕರಗಿರುತ್ತದೆ. ಮೂರೇ ವರ್ಷದಲ್ಲಿ ಹಿಡಿಯಬೇಕೆಂದರೆ ಅವು ವರ್ಷಕ್ಕೆ ಅರ್ಧದಷ್ಟು ಸಾಯುತ್ತಿರಬೇಕು.

ಇನ್ನು ದೂರ ಅಳೆಯುವುದಕ್ಕೆ ದುಬಾರಿ ಉಪಕರಣ ಬೇಡ. ಮಕ್ಕಳ ಅಡಿಕೋಲೊಂದನ್ನು ಕಣ್ಣಿನಿಂದ 60 ಸೆಂಟಿಮೀಟರ್ ದೂರದಲ್ಲಿ ನೆಟ್ಟಗೆ ಹಿಡಿದು, ದಿಗಂತದ ಗೆರೆಗೆ ಸೊನ್ನೆಯನ್ನು ಹೊಂದಿಸಿ, ಪ್ರಾಣಿ ಎಷ್ಟು ಕೆಳಗಿದೆ ಎಂದು ಓದಿ. ನಿಮ್ಮ ಕಣ್ಣು ನೀರಿನಿಂದ 30 ಮೀಟರ್ ಎತ್ತರದಲ್ಲಿದ್ದರೆ, ಒಂದು ಕಿಲೋಮೀಟರ್ ದೂರದ ಡಾಲ್ಫಿನ್ ದಿಗಂತಕ್ಕಿಂತ ಸುಮಾರು 1.6 ಸೆಂಟಿಮೀಟರ್ ಕೆಳಗೆ, ಎರಡು ಕಿಲೋಮೀಟರ್ ದೂರದ್ದು 0.7 ಸೆಂಟಿಮೀಟರ್ ಕೆಳಗೆ ಕಾಣುತ್ತದೆ. ಅಡಿಕೋಲಿಗೆ ದಾರ ಕಟ್ಟಿ, ಕೊರಳಿಗೆ ಹಾಕಿಕೊಂಡರೆ 60 ಸೆಂಟಿಮೀಟರ್ ತಪ್ಪುವುದಿಲ್ಲ.

ಪಾತಿದೋಣಿ

ಮಾಸ್ತರರೇ, ನಾನು ತದಡಿ ಬಂದರಿನಿಂದ ದೋಣಿ ಬಿಡುವವನು. ಮೇಲಿನವರು ಹೇಳಿದ ಗಣಿತದ ಬಗ್ಗೆ ನನಗೆ ಮಾತಿಲ್ಲ. ಆದರೆ ನೀವು ಕೂರುವ ಗುಡ್ಡದಿಂದ ಕಾಣದ ಒಂದು ಸಂಗತಿ ಇದೆ. ಡಾಲ್ಫಿನ್ ಮೀನಿನ ಹಿಂದೆ ಹೋಗುವ ಪ್ರಾಣಿ. ತಾರ್ಲೆ, ಎಂದರೆ ಮಂಗಳೂರಿನವರ ಬೂತಾಯಿ, ದಡಕ್ಕೆ ಒತ್ತಿ ಬಂದ ವರ್ಷ ಅವು ಅಳಿವೆಯ ಬಾಯಲ್ಲೇ ಆಡಿಕೊಂಡಿರುತ್ತವೆ. ತಾರ್ಲೆ ಕೈಕೊಟ್ಟ ವರ್ಷ ಹತ್ತು ಮಾರು ಆಳದಲ್ಲಿ ಬಲೆ ಎಳೆದುಕೊಂಡು ಸಾಗುವ ಟ್ರಾಲ್ ದೋಣಿಗಳ ಬೆನ್ನುಹತ್ತಿ, ಬಲೆಯಿಂದ ಜಾರಿದ ಮೀನು ತಿನ್ನುತ್ತವೆ. ಬಲೆ ಎತ್ತುವ ಹೊತ್ತಿಗೆ ಸರಿಯಾಗಿ ಬರುತ್ತವೆ. ನಮ್ಮ ವಿಂಚಿನ ಸದ್ದು ಅವಕ್ಕೆ ಊಟದ ಗಂಟೆ ಇದ್ದ ಹಾಗೆ.

ತಾರ್ಲೆಯ ಏರಿಳಿತ ಸಣ್ಣದಲ್ಲ. ಪಕ್ಕದ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ ಮೀನು 2021ರಲ್ಲಿ 3,297 ಟನ್ನಿಗೆ ಇಳಿದಿತ್ತು. ಅಂಥ ವರ್ಷದಲ್ಲಿ ನೀವು ಗುಡ್ಡದ ಮೇಲೆ ಕುಳಿತಿದ್ದರೆ ಡಾಲ್ಫಿನ್‌ಗಳೆಲ್ಲ ಸತ್ತೇ ಹೋದವೆಂದು ಬರೆಯುತ್ತಿದ್ದಿರಿ. ಆದ್ದರಿಂದ ನಿಮ್ಮ ನೋಟ್‌ಬುಕ್ಕಿನಲ್ಲಿ ಇನ್ನೊಂದು ಕಾಲಂ ಹಾಕಿಕೊಳ್ಳಿ: ಆ ಬೆಳಿಗ್ಗೆ ಕಣ್ಣಳತೆಯಲ್ಲಿ ಎಷ್ಟು ದೋಣಿ ಇದ್ದವು, ಟ್ರಾಲೋ, ಪರ್ಸೀನೋ (ಮೀನಿನ ಗುಂಪನ್ನು ಸುತ್ತುವ ಬಲೆ), ಗಿಲ್‌ನೆಟ್ಟೋ (ಗೋಡೆಯಂತೆ ನಿಂತು ಮೀನನ್ನು ಸಿಕ್ಕಿಸುವ ಬಲೆ), ಬಂದರಿನಲ್ಲಿ ಯಾವ ಮೀನು ಇಳಿಯಿತು. ಕೊನೆಯದನ್ನು ನಾನೇ ದಿನವೂ ಫೋನಿನಲ್ಲಿ ಹೇಳಬಲ್ಲೆ.

ಒಂದು ಮನವಿಯನ್ನೂ ಮಾಡಿಬಿಡುತ್ತೇನೆ. ಡಾಲ್ಫಿನ್ ಬಲೆಗೆ ಸಿಕ್ಕಿ ಸತ್ತರೆ ನಮ್ಮವರು ಅದನ್ನು ಸದ್ದಿಲ್ಲದೆ ನೀರಿಗೆ ಬಿಟ್ಟು ಬರುತ್ತಾರೆ. ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯ ಪ್ರಾಣಿ, ಕೇಸಾದರೆ ದೋಣಿಯೇ ಹೋದೀತು ಎಂಬ ಹೆದರಿಕೆ. ಹಾಗಾಗಿ ಸತ್ತವುಗಳ ಲೆಕ್ಕ ಯಾರಿಗೂ ಸಿಗುವುದಿಲ್ಲ. ಮಹಾರಾಷ್ಟ್ರದಲ್ಲಿ 2018ರಿಂದ, ಬಲೆ ಕತ್ತರಿಸಿ ಇಂಥ ಪ್ರಾಣಿಯನ್ನು ಜೀವಂತ ಬಿಟ್ಟವರಿಗೆ 25,000 ರೂಪಾಯಿವರೆಗೆ ಪರಿಹಾರ ಕೊಡುತ್ತಾರೆ; ಬಿಟ್ಟದ್ದಕ್ಕೆ ಫೋಟೋ ಇರಬೇಕು. ಅಂದರೆ ಪರಿಹಾರದ ಜೊತೆಗೇ ದಾಖಲೆಯೂ ತಾನಾಗಿ ಬಂತು. ಎಣಿಸುವವರು ಈ ದಾರಿಯನ್ನೂ ಯೋಚಿಸಬೇಕು.

ಉತ್ತರದ ಕಡಲು

ನಾನು ಕುಂದಾಪುರದವಳು, ಈಗ ಸ್ಕಾಟ್‌ಲೆಂಡಿನ ಅಬರ್ಡೀನ್‌ನಲ್ಲಿದ್ದೇನೆ. ಪಾತಿದೋಣಿಯವರು ಹೇಳಿದ್ದು ಇಲ್ಲಿ ಇಡೀ ಸಮುದ್ರದ ಮಟ್ಟದಲ್ಲೇ ನಡೆದಿದೆ. ಉತ್ತರ ಸಮುದ್ರ ಮತ್ತು ಅದರ ಸುತ್ತಲಿನ ನೀರಿನಲ್ಲಿ ಹಲವು ದೇಶಗಳು ಸೇರಿ 1994, 2005, 2016 ಮತ್ತು 2022ರಲ್ಲಿ ಹಡಗು, ವಿಮಾನಗಳಿಂದ ‘ಸ್ಕ್ಯಾನ್ಸ್’ ಎಂಬ ಗಣತಿ ನಡೆಸಿದವು. 1994ರಲ್ಲಿ ಹಾರ್ಬರ್ ಪಾರ್ಪಾಯ್ಸ್ ಎಂಬ ಚಿಕ್ಕ ಕಡಲಹಂದಿಗಳು ಹೆಚ್ಚಾಗಿ ಉತ್ತರ ಭಾಗದಲ್ಲಿ, ಸ್ಕಾಟ್‌ಲೆಂಡಿನ ಕಡೆಗೆ ಇದ್ದವು. 2005ರ ಹೊತ್ತಿಗೆ ದಕ್ಷಿಣಕ್ಕೆ ಸರಿದಿದ್ದವು. ಒಟ್ಟು ಸಂಖ್ಯೆಯಲ್ಲಿ ಹೇಳಿಕೊಳ್ಳುವ ಬದಲಾವಣೆ ಇರಲಿಲ್ಲ. ಆ ಹನ್ನೊಂದು ವರ್ಷ ಸ್ಕಾಟ್‌ಲೆಂಡಿನ ಗುಡ್ಡವೊಂದರ ಮೇಲೆ ಕುಳಿತ ಮೇಷ್ಟ್ರು ‘ಮುಗಿದೇಹೋದವು’ ಎಂದೂ, ಹಾಲೆಂಡಿನ ದಡದಲ್ಲಿ ಕುಳಿತವರು ‘ಏನು ಹೆಚ್ಚಾದವು’ ಎಂದೂ ಬರೆಯುತ್ತಿದ್ದರು. ಇಬ್ಬರ ನೋಟ್‌ಬುಕ್ಕೂ ಪ್ರಾಮಾಣಿಕವೇ.

ಹಾಗಾದರೆ ಚಿಕ್ಕ ಜಾಗದಲ್ಲಿ ಏನು ಮಾಡಬಹುದು? ಫೋಟೋ. ಡಾಲ್ಫಿನ್‌ನ ಬೆನ್ನುರೆಕ್ಕೆಯ ಹಿಂದಂಚಿನಲ್ಲಿ ಬೀಳುವ ಕಚ್ಚುಗಳು, ಗೀರುಗಳು ಬೆರಳಚ್ಚಿನಂತೆ ಕೆಲಸಕ್ಕೆ ಬರುತ್ತವೆ. ಇಲ್ಲಿ ಮರೇ ಫರ್ತ್ ಎಂಬ ಕೊಲ್ಲಿಯ ಬಾಟಲ್‌ನೋಸ್ ಡಾಲ್ಫಿನ್‌ಗಳನ್ನು ಅಬರ್ಡೀನ್ ವಿಶ್ವವಿದ್ಯಾಲಯದವರು 1989ರಿಂದ ಒಂದೊಂದನ್ನೂ ಗುರುತಿಟ್ಟು ಹಿಂಬಾಲಿಸುತ್ತಿದ್ದಾರೆ. ಮೊದಲು ಅವುಗಳಿಗೆಂದೇ ಕೊಲ್ಲಿಯೊಳಗೆ ರಕ್ಷಿತ ಪ್ರದೇಶ ಮಾಡಿದರು. ಆಮೇಲೆ ಅದೇ ಡಾಲ್ಫಿನ್‌ಗಳು ದಕ್ಷಿಣದ ಟೇ ನದಿಯ ಅಳಿವೆಯವರೆಗೂ ಹರಡಿಕೊಂಡವು. ಒಂದೊಂದಕ್ಕೂ ಫೋಟೋ ಇದ್ದುದರಿಂದ ‘ಕೊಲ್ಲಿಯೊಳಗೆ ಕಡಿಮೆ ಕಾಣುತ್ತಿವೆ’ ಮತ್ತು ‘ಸಂತತಿ ಕಡಿಮೆಯಾಗಿದೆ’ ಎಂಬ ಎರಡು ಮಾತನ್ನು ಬೇರ್ಪಡಿಸಲು ಅವರಿಗೆ ಸಾಧ್ಯವಾಯಿತು.

ನಮ್ಮ ಅರಬ್ಬೀ ಸಮುದ್ರದಲ್ಲೂ ಇದರ ದೊಡ್ಡ ಉದಾಹರಣೆ ಇದೆ. ಇಲ್ಲಿನ ಹಂಪ್‌ಬ್ಯಾಕ್ ತಿಮಿಂಗಿಲಗಳು ಬೇರೆ ಸಾಗರಗಳ ತಮ್ಮ ಬಂಧುಗಳಂತೆ ಧ್ರುವದ ಕಡೆಗೆ ವಲಸೆ ಹೋಗುವುದಿಲ್ಲ. 1960ರ ದಶಕದ ನಡುಭಾಗದಲ್ಲಿ ಸೋವಿಯತ್ ಬೇಟೆ ಹಡಗುಗಳು ಇಲ್ಲಿ 242 ಪ್ರಾಣಿಗಳನ್ನು ಅಕ್ರಮವಾಗಿ ಕೊಂದವು. ಬಾಲದ ಅಡಿಭಾಗದ ಕಪ್ಪು-ಬಿಳಿ ಚಿತ್ತಾರಗಳ ಫೋಟೋಗಳಿಂದ, 2000–04ರ ಅವಧಿಗೆ, ಒಮಾನ್ ತೀರದ ಸಂತತಿಯನ್ನು 82 ಎಂದು ಅಂದಾಜಿಸಿದರು. ಆ ಅಂದಾಜಿನ ಹರವು 60ರಿಂದ 111. 2017ರಲ್ಲಿ ಒಮಾನಿನಲ್ಲಿ ಉಪಗ್ರಹದ ಟ್ಯಾಗ್ ಹಾಕಿದ್ದ ಲುಬಾನ್ ಎಂಬ ಹೆಣ್ಣು ತಿಮಿಂಗಿಲ ಸಮುದ್ರ ದಾಟಿ ಗೋವಾದ ತೀರಕ್ಕೆ ಬಂದು, ಅಲ್ಲಿಂದ ದಕ್ಷಿಣಕ್ಕೆ ಹೋಯಿತು. ಎಂದರೆ ನಮ್ಮ ಕರಾವಳಿಯ ಮುಂದಿನಿಂದಲೇ ಹಾದುಹೋಗಿದೆ. ಲುಬಾನ್ ಎಂಬ ಅರಬ್ಬಿ ಪದವೇ ನಮ್ಮಲ್ಲಿ ಲೋಬಾನ ಎಂದಾಗಿದೆ.

ಅಳಿವೆಯಂಚು

ನೇರಗೆರೆಯವರ ಊಹೆ ನಿಜ. ಕಾಣದ ದಿನ ನಾನು ಏನೂ ಬರೆದಿಲ್ಲ. ಮೂರನೆಯ ವರ್ಷ ಗುಡ್ಡ ಹತ್ತಿದ್ದೂ ಕಡಿಮೆಯೇ. (ಮಂಡಿಯಲ್ಲ, ಬೆನ್ನು.) ಪತ್ರಕರ್ತರಿಗೆ ಈ ಮಾತನ್ನು ತಿಳಿಸಿದ್ದೇನೆ, ಅವರಿಗೆ ಸ್ವಲ್ಪ ಬೇಸರವಾಯಿತು. ರೀವಗಳ ಬಗ್ಗೆ ಮತ್ತು ಸತ್ತ ಪ್ರಾಣಿಯ ಬಗ್ಗೆಯೂ ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.

ಮಲ್ಪೆ ಹಕ್ಕಿಗಣ್ಣು

ರೀವಗಳ ಲೆಕ್ಕವನ್ನು ಬಿಸಾಡಬೇಡಿ. ಆದರೆ ಅದನ್ನು ಭರತ-ಇಳಿತದ ಪಟ್ಟಿಯ ಜೊತೆಗಿಟ್ಟು ಓದಿ. ಇಳಿತದಲ್ಲಿ ಮರಳದಿಣ್ಣೆಗಳು ಹತ್ತಾರು ಕಡೆ ತೆರೆದುಕೊಂಡಾಗ ಹಕ್ಕಿಗಳು ಚದುರುತ್ತವೆ. ಭರತದ ನೀರು ಏರಿ ಒಂದೇ ದಿಣ್ಣೆ ಉಳಿದಾಗ ಎಲ್ಲವೂ ಅಲ್ಲಿಗೇ ಬಂದು ಒತ್ತೊತ್ತಾಗಿ ಕೂರುತ್ತವೆ. ಎಣಿಸಬೇಕಾದದ್ದು ಆಗ, ಪ್ರತಿ ಸಲವೂ ಭರತದ ಅದೇ ಹಂತದಲ್ಲಿ. ಎಲ್ಲವೂ ಒಂದೇ ದಿಕ್ಕಿಗೆ, ಗಾಳಿಗೆ ಮುಖಮಾಡಿ ಕೂರುವುದರಿಂದ ಹತ್ತು ಹಕ್ಕಿಗಳ ಒಂದು ತುಂಡನ್ನು ಕಣ್ಣಲ್ಲಿ ಹಿಡಿದು, ಅಂಥ ಎಷ್ಟು ತುಂಡು ಎಂದು ಎಣಿಸಬಹುದು. ದೊಡ್ಡ ಹಳದಿ ಕೊಕ್ಕಿನದು, ಅದಕ್ಕಿಂತ ಸಣ್ಣ ಕಿತ್ತಳೆ ಕೊಕ್ಕಿನದು, ಕಪ್ಪು ಕೊಕ್ಕಿನ ತುದಿ ಹಳದಿಯಾದದ್ದು ಇವು ಮೂರು ಬೇರೆ ಬೇರೆ ಜಾತಿಯ ಜುಟ್ಟಿನ ರೀವಗಳು. ಒಟ್ಟಿಗೆ ‘ರೀವ’ ಎಂದು ಬರೆದರೆ ಅರ್ಧ ಮಾಹಿತಿ ಹೋಯಿತು.

ಇವು ಇಲ್ಲಿ ಮೊಟ್ಟೆ ಇಡುವ ಹಕ್ಕಿಗಳಲ್ಲ ಎಂಬುದು ನೆನಪಿರಲಿ. ಸಂತತಿ ಹೆಚ್ಚಿತೋ ಕುಗ್ಗಿತೋ ಎಂದು ಗಟ್ಟಿಯಾಗಿ ಹೇಳಬೇಕಾದರೆ ಗೂಡುಗಳನ್ನೇ ಎಣಿಸಬೇಕು. ಮಹಾರಾಷ್ಟ್ರದ ವೆಂಗುರ್ಲಾದ ಬಂಡೆಗಳಲ್ಲೋ, ಲಕ್ಷದ್ವೀಪದ ಪಿಟ್ಟಿ ಎಂಬ ಬರೀ ಮರಳಿನ ಚಿಕ್ಕ ದ್ವೀಪದಲ್ಲೋ ಅದು ಸಾಧ್ಯ, ಏಕೆಂದರೆ ಅಲ್ಲಿ ಕಡಲಹಕ್ಕಿಗಳು ಗುಂಪುಗೂಡಿ ಗೂಡು ಮಾಡುತ್ತವೆ. ಅಬರ್ಡೀನ್‌ನಿಂದ ಬರೆದವರಿಗೆ ಸ್ಕಾಟ್‌ಲೆಂಡಿನ ಬಾಸ್ ರಾಕ್ ಎಂಬ ಬಂಡೆದ್ವೀಪ ಗೊತ್ತೇ ಇರುತ್ತದೆ: ಅಲ್ಲಿ 2014ರಲ್ಲಿ ಗ್ಯಾನೆಟ್ ಹಕ್ಕಿಗಳು ಹಿಡಿದ ಗೂಡಿನ ತಾಣಗಳು ಸುಮಾರು 75,000 ಇದ್ದವು, 2022ರಲ್ಲಿ ಹಕ್ಕಿಜ್ವರ ಹೊಡೆದ ಮೇಲೆ, 2023ರಲ್ಲಿ ಎಣಿಸಿದಾಗ 52,000ದ ಆಸುಪಾಸು. ಹಳೆಯ ಗಣತಿ ಇಲ್ಲದಿದ್ದರೆ ಆ ರೋಗ ಎಷ್ಟನ್ನು ಕೊಂಡೊಯ್ದಿತು ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಮಳೆಗಾಲದಲ್ಲಿ ಗುಡ್ಡ ಹತ್ತಲಾಗದ ನಿಮಗೆ ಒಂದು ಕೆಲಸ ಹೇಳುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ಕಿಲೋಮೀಟರ್ ಮರಳತೀರವೊಂದನ್ನು ಗೊತ್ತುಮಾಡಿಕೊಂಡು, ಅದನ್ನೇ ಪ್ರತಿ ವಾರವೂ ಅದೇ ದಿನ ನಡೆಯಿರಿ. ಗಾಳಿಮಳೆಗೆ ಸೋತು ದಡಕ್ಕೆ ಬಿದ್ದ ಬೂಬಿ, ಸೂಟಿ ರೀವ, ಶಿಯರ್‌ವಾಟರ್‌ಗಳಂಥ ಕಡಲಹಕ್ಕಿಗಳು ನಮ್ಮ ಕರಾವಳಿಯಲ್ಲಿ ಆಗಲೇ ಸಿಗುವುದು. ಸತ್ತ ಹಕ್ಕಿಯ ಒಂದು ರೆಕ್ಕೆಗೆ ಬಣ್ಣದ ದಾರ ಕಟ್ಟಿದರೆ ಮುಂದಿನ ವಾರ ಅದನ್ನೇ ಮತ್ತೆ ಎಣಿಸುವುದು ತಪ್ಪುತ್ತದೆ. ಕೈಗವಸು ಇರಲಿ. ಕಾಲಲ್ಲಿ ಲೋಹದ ಉಂಗುರ ಇದ್ದರೆ ಅದರ ಸಂಖ್ಯೆಯನ್ನು ಮುಂಬೈಯ ಬಿಎನ್‌ಎಚ್‌ಎಸ್‌ಗೆ (ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ) ತಿಳಿಸಿ. ಒಂದು ಎಚ್ಚರಿಕೆ: ಒಂದು ಬಿರುಗಾಳಿಯ ವಾರದಲ್ಲಿ ಹತ್ತು ಬೂಬಿ ಬಿದ್ದರೆ ಅದು ಗಾಳಿಯ ಲೆಕ್ಕ, ಬೂಬಿಯ ಸಂತತಿಯ ಲೆಕ್ಕವಲ್ಲ. ಹಾಗೆ ಬಿದ್ದವುಗಳಲ್ಲಿ ಮುಷ್ಟಿಯಷ್ಟೇ ಗಾತ್ರದ ಕಪ್ಪುಹಕ್ಕಿಯೊಂದು, ಹಿಂಬದಿ ಬಿಳಿ, ಸಿಕ್ಕಿದರೆ ಅದು ವಿಲ್ಸನ್ಸ್ ಸ್ಟಾರ್ಮ್ ಪೆಟ್ರೆಲ್. ನಲವತ್ತು ಗ್ರಾಮಿನ ಆ ಜೀವ ಅಂಟಾರ್ಕ್ಟಿಕಾದ ಕಡೆ ಮರಿ ಮಾಡಿ ಇಲ್ಲಿಯವರೆಗೆ ಬಂದಿರುತ್ತದೆ.

ನೇರಗೆರೆ

ಸತ್ತ ಪ್ರಾಣಿ ನಿಮ್ಮ ವರ್ಣನೆಯಂತಿದ್ದರೆ ಫಿನ್‌ಲೆಸ್ ಪಾರ್ಪಾಯ್ಸ್, ಬೆನ್ನುರೆಕ್ಕೆಯಿಲ್ಲದ ಕಡಲಹಂದಿ. ಬೆನ್ನ ನಡುವೆ ಕೈಯಾಡಿಸಿದ್ದರೆ ಸಣ್ಣ ಗಂಟುಗಂಟಾದ ಉದ್ದನೆಯ ಏಣು ಸಿಗುತ್ತಿತ್ತು. ಮೂತಿ ಚೂಪಾಗಿರದೆ ದುಂಡಗಿರುತ್ತದೆ. ಮುಂದಿನ ಸಲ ಮೊದಲು ಅರಣ್ಯ ಇಲಾಖೆಗೆ ಕರೆ ಮಾಡಿ, ಅವರು ಬರುವವರೆಗೆ ಪಕ್ಕದಲ್ಲಿ ಅಡಿಕೋಲಿಟ್ಟು ತಲೆ, ಬೆನ್ನು, ಹೊಟ್ಟೆ, ಬಾಲ ನಾಲ್ಕರ ಫೋಟೋ ತೆಗೆಯಿರಿ. ಚರ್ಮದ ಮೇಲೆ ಬಲೆಯ ದಾರ ಕೊರೆದ ಗುರುತು ಇದೆಯೇ ಎಂದು ನೋಡಿ.

ಗುಡ್ಡದಿಂದ ಈ ಪ್ರಾಣಿಯನ್ನು ಎಣಿಸುವ ಆಸೆಯನ್ನು ಬಿಡಿ. ರೆಕ್ಕೆಯಿಲ್ಲ, ನೀರು ಚಿಮ್ಮಿಸುವುದಿಲ್ಲ, ಫೋಟೋದಲ್ಲಿ ಗುರುತಿಸಲು ಕಚ್ಚೂ ಇಲ್ಲ. ಇಂಥವನ್ನು ಕಿವಿಯಿಂದಲೇ ಹುಡುಕಬೇಕು: ಇವು ಹೊರಡಿಸುವ ‘ಕ್ಲಿಕ್’ ಸದ್ದು 130 ಕಿಲೋಹರ್ಟ್ಜ್‌ನ ಆಸುಪಾಸಿನದು, ನಮ್ಮ ಕಿವಿಗೆ ಕೇಳಿಸುವುದಕ್ಕಿಂತ ಬಹಳ ಮೇಲಿನದು. ಅದನ್ನು ದಾಖಲಿಸುವ ಕೊಳವೆಯಂಥ ಉಪಕರಣವನ್ನು ನೀರೊಳಗೆ ಲಂಗರು ಹಾಕಿ ತಿಂಗಳುಗಟ್ಟಲೆ ಬಿಡುತ್ತಾರೆ. ಮೆಕ್ಸಿಕೋದ ಕ್ಯಾಲಿಫೋರ್ನಿಯಾ ಕೊಲ್ಲಿಯಲ್ಲಿ ವಾಕೀಟಾ ಎಂಬ ಇದರ ದಾಯಾದಿಯನ್ನು 2011ರಿಂದ ಹೀಗೆ 46 ಜಾಗಗಳಲ್ಲಿ ಆಲಿಸುತ್ತ ಬಂದರು. 1997ರಲ್ಲಿ ಅಂದಾಜು 567 ಇದ್ದ ವಾಕೀಟಾ 2008ಕ್ಕೆ 245, 2015ಕ್ಕೆ 59 ಆಯಿತು; ಮರುವರ್ಷ ಸುಮಾರು 30. ನಾನು ಕಂಡಂತೆ ಇಷ್ಟು ಅಚ್ಚುಕಟ್ಟಾಗಿ ದಾಖಲಾದ ಕುಸಿತ ಇನ್ನೊಂದಿಲ್ಲ. ಕಾರಣವೂ ಮೊದಲೇ ಗೊತ್ತಿತ್ತು, ಗಿಲ್‌ನೆಟ್. ಎಣಿಕೆ ಸರಿಯಾಗಿ ನಡೆಯಿತು, ಬಲೆ ನಿಲ್ಲಲಿಲ್ಲ. ಪಾತಿದೋಣಿಯವರ ಪರಿಹಾರದ ಮಾತನ್ನು ನಾನು ಅಡಿಕೋಲಿನ ಮಾತಿಗಿಂತ ಮೇಲಿಡುವುದು ಇದೇ ಕಾರಣಕ್ಕೆ.

ಪಾತಿದೋಣಿ

ಮಾಸ್ತರರೇ, ಅಡಿಕೋಲನ್ನು ಪರೀಕ್ಷಿಸೋಣ. ಭಾನುವಾರ ಬೆಳಿಗ್ಗೆ ಏಳಕ್ಕೆ ದೋಣಿ ತರುತ್ತೇನೆ. ಗುಡ್ಡದ ಎದುರಿಗೆ ಒಂದೊಂದು ಕಡೆ ನಿಂತು ಫೋನ್ ಮಾಡುತ್ತೇನೆ. ನೀವು ಓದಿದ್ದನ್ನು ಬರೆದುಕೊಳ್ಳಿ, ನಾನು ಜಿಪಿಎಸ್‌ನ ದೂರ ಬರೆದುಕೊಳ್ಳುತ್ತೇನೆ. ಸಂಜೆ ಹೋಲಿಸೋಣ.

ಅಳಿವೆಯಂಚು

ಭಾನುವಾರದ ಪರೀಕ್ಷೆ ಮುಗಿಯಿತು. ಏಳು ಕಡೆ ದೋಣಿ ನಿಲ್ಲಿಸಿದರು. ಅಡಿಕೋಲು ಒಂದು ಕಿಲೋಮೀಟರ್‌ವರೆಗೆ ಚೆನ್ನಾಗಿ ಹೊಂದುತ್ತದೆ, ಆಮೇಲೆ ಅರ್ಧ ಮಿಲಿಮೀಟರ್ ತಪ್ಪು ಓದಿದರೂ ದೂರ ಬಹಳ ಹಾರುತ್ತದೆ. ಆದರೆ ನನ್ನ ಕಣ್ಣಂದಾಜು ಅದಕ್ಕಿಂತ ಕೆಟ್ಟದ್ದು: ‘ಸುಮಾರು ಒಂದು ಕಿಲೋಮೀಟರ್’ ಎಂದು ಮೂರು ವರ್ಷ ಬರೆಯುತ್ತ ಬಂದ ಕರಿಬಂಡೆಯ ಪಕ್ಕದಲ್ಲಿ ದೋಣಿ ನಿಂತಾಗ ಅವರ ಜಿಪಿಎಸ್ 1.6 ಕಿಲೋಮೀಟರ್ ತೋರಿಸಿತು. ಹೊಸ ನೋಟ್‌ಬುಕ್ಕಿಗೆ ಕಾಲಂಗಳನ್ನು ಎಳೆದಿದ್ದೇನೆ: ಕುಳಿತ ಹೊತ್ತು, ಎದ್ದ ಹೊತ್ತು, ಬೋಫರ್ಟ್, ಭರತ, ದೋಣಿಗಳು, ಅಡಿಕೋಲಿನ ಓದು, ಬಂದರಿನ ಮೀನು. ಮಲ್ಪೆಯವರಿಗೆ ಒಂದು ಪ್ರಶ್ನೆ: ತೀರದ ನಡಿಗೆಗೆ ಅಳಿವೆಯ ಉತ್ತರದ ಮರಳು ಒಳ್ಳೆಯದೋ ದಕ್ಷಿಣದ್ದೋ? ಮಳೆಗಾಲದಲ್ಲಿ ಹೊಳೆಯ ಕಸವೆಲ್ಲ ಒಂದೇ ಬದಿಗೆ ಒಟ್ಟುತ್ತದೆ.

ಮಲ್ಪೆ ಹಕ್ಕಿಗಣ್ಣು

ಕಸ ಒಟ್ಟುವ ಬದಿಯನ್ನೇ ಆರಿಸಿಕೊಳ್ಳಿ. ಹೊಳೆ ಮತ್ತು ಕಡಲು ಹೊತ್ತು ತಂದದ್ದೆಲ್ಲ ಅಲ್ಲೇ ಬೀಳುತ್ತದೆ, ಹಕ್ಕಿಯೂ ಸೇರಿ. ನಾಯಿಗಳು ಏಳುವ ಮುಂಚೆ ಹೋಗಿ.